ಜೀಪಿಗೆ ಎರಡನೇ ಬ್ಯಾಟರಿ ಹಾಕಿಸ್ತೀರಾ? ವೈರ್ ಎಳೆಯುವ ಮೊದಲು ಇಷ್ಟು ತಿಳ್ಕೊಂಡಿರಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಜೀಪುಗಳನ್ನು ನೋಡಿದವರಿಗೆ ಗೊತ್ತು. ಮುಂದೆ ಎರಡು ಫಾಗ್ ಲ್ಯಾಂಪ್, ಮೇಲೊಂದು ಎಲ್‌ಇಡಿ ಬಾರ್, ಒಳಗೆ ಆಂಪ್ಲಿಫೈಯರ್, ಮೊಬೈಲ್ ಚಾರ್ಜರ್, ಟೈರಿಗೆ ಗಾಳಿ ಹೊಡೆಯುವ ಪಂಪು. ಈಗೀಗ ಕ್ಯಾಂಪಿಂಗ್ ಹೋಗುವವರು 12 ವೋಲ್ಟಿನ ಫ್ರಿಡ್ಜ್ ಕೂಡ ಇಟ್ಕೊಳ್ತಾರೆ. ಇದೆಲ್ಲಾ ನಡೆಯೋದು ಬಾನೆಟ್ ಒಳಗಿನ ಒಂದೇ ಬ್ಯಾಟರಿಯಿಂದ. ರಾತ್ರಿ ಇಂಜಿನ್ ಆಫ್ ಮಾಡಿ ನಾಲ್ಕು ಗಂಟೆ ಲೈಟ್ ಉರಿಸಿದರೆ ಬೆಳಿಗ್ಗೆ ಕೀ ತಿರುಗಿಸಿದಾಗ ‘ಟಕ್ ಟಕ್’ ಸದ್ದು ಮಾತ್ರ ಬರುತ್ತೆ, ಸೆಲ್ಫ್ ಹೊಡೆಯಲ್ಲ. ದೇವರಮನೆ ಕಡೆ ಮಳೆಯಲ್ಲಿ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಹೀಗಾದರೆ ಕಥೆ ಮುಗೀತು. ಕೆಸರಲ್ಲಿ ತಳ್ಳಿ ಸ್ಟಾರ್ಟ್ ಮಾಡೋದೂ ಆಗದ ಮಾತು.

ಇದಕ್ಕೇ ಎರಡನೇ ಬ್ಯಾಟರಿ. ಅದರ ಉದ್ದೇಶ ಒಂದೇ: ಮೊದಲ ಬ್ಯಾಟರಿಯನ್ನು ಸೆಲ್ಫ್ ಹೊಡೆಯೋಕೆ ಮಾತ್ರ ಕಾಪಾಡಿಕೊಳ್ಳೋದು, ಲೈಟು, ಫ್ರಿಡ್ಜು ಎಲ್ಲದರ ಹೊರೆಯನ್ನು ಎರಡನೆಯದಕ್ಕೆ ಹೊರಿಸೋದು.

‘ಡೈರೆಕ್ಟ್ ಕೊಟ್ಬಿಡ್ತೀನಿ ಸಾರ್, ಏನಾಗಲ್ಲ’

ಗ್ಯಾರೇಜಿನಲ್ಲಿ ಈ ಮಾತು ಕೇಳಿದರೆ ಅಲ್ಲೇ ತಡೀರಿ. ಎರಡು ಬ್ಯಾಟರಿಯ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ನೇರ ಸೇರಿಸಿದರೆ ಅವು ದೊಡ್ಡದೊಂದು ಬ್ಯಾಟರಿ ಆದಂತೆ, ಅಷ್ಟೇ. ರಾತ್ರಿ ಎರಡೂ ಒಟ್ಟಿಗೇ ಖಾಲಿಯಾಗ್ತವೆ. ಹಾಕಿದ ದುಡ್ಡಿಗೆ ಅರ್ಥವೇ ಇಲ್ಲ. ಇಂಜಿನ್ ಓಡುವಾಗ ಸೇರಿ, ನಿಂತಾಗ ಬೇರೆಯಾಗುವ ವ್ಯವಸ್ಥೆ ನಡುವೆ ಇರಲೇಬೇಕು.

ಹಳೆ ಜೀಪು, ಹಳೆ ಪಿಕಪ್‌ಗಳಿಗೆ ವಿಎಸ್‌ಆರ್ ಎಂಬ ರಿಲೇ ಸಾಕು. ಇದು ವೋಲ್ಟೇಜ್ ನೋಡಿ ಕೆಲಸ ಮಾಡುತ್ತೆ. ಇಂಜಿನ್ ಶುರುವಾಗಿ ಮೊದಲ ಬ್ಯಾಟರಿಯ ವೋಲ್ಟೇಜ್ ಸುಮಾರು 13.3 ದಾಟಿದಾಗ ಎರಡನ್ನೂ ಸೇರಿಸುತ್ತೆ, 12.8ರ ಹತ್ತಿರ ಇಳಿದರೆ ಬಿಡಿಸುತ್ತೆ. ಫಾಗ್ ಲ್ಯಾಂಪಿಗೆ ಹಾಕುವ ನಾಲ್ಕು ಕಾಲಿನ ಚಿಕ್ಕ ರಿಲೇಯನ್ನು ಇದರ ಬದಲು ಹಾಕುವವರಿದ್ದಾರೆ. ಅದರ ತಾಕತ್ತು 30–40 ಆಂಪಿಯರ್. ಖಾಲಿ ಬ್ಯಾಟರಿ ಚಾರ್ಜಿಗೆ ನಿಂತಾಗ ಅದಕ್ಕಿಂತ ಹೆಚ್ಚು ಎಳೆಯುತ್ತೆ, ರಿಲೇ ಕರಗುತ್ತೆ. 100 ಆಂಪಿಯರ್‌ಗಿಂತ ಮೇಲಿನದ್ದೇ ಕೇಳಿ ತಗೊಳ್ಳಿ.

ಹೊಸ ಗಾಡಿಗಳ ಲೆಕ್ಕ ಬೇರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನ ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ‘ಸ್ಮಾರ್ಟ್’. ಡೀಸೆಲ್ ಉಳಿಸಲು, ಮೊದಲ ಬ್ಯಾಟರಿ ತುಂಬಿದ ಕೂಡಲೇ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತೆ. ಆಗ ವಿಎಸ್‌ಆರ್ ಬಿಟ್ಟುಕೊಳ್ಳುತ್ತೆ, ಎರಡನೆಯದು ಅರ್ಧ ಹೊಟ್ಟೆಯಲ್ಲೇ ಉಳಿಯುತ್ತೆ. ಇಂಥ ಗಾಡಿಗೆ ಡಿಸಿ-ಡಿಸಿ ಚಾರ್ಜರ್ ಬೇಕು. ಒಳಬರುವ ವೋಲ್ಟೇಜ್ ಕಮ್ಮಿ ಇದ್ದರೂ ಅದು ಎತ್ತಿಕೊಂಡು ಬ್ಯಾಟರಿಗೆ ಬೇಕಾದಷ್ಟು ಕೊಡುತ್ತೆ. ಬೆಲೆ ಜಾಸ್ತಿ ನಿಜ, ಆದರೆ ಇಲ್ಲಿ ಉಳಿಸೋಕೆ ಹೋಗಬೇಡಿ. ಇಂಜಿನ್ ಆನ್ ಆಗಿದೆ ಎಂದು ಅದಕ್ಕೆ ತಿಳಿಸಲು ಇಗ್ನಿಷನ್‌ನಿಂದ ಒಂದು ಸಣ್ಣ ವೈರ್ ಎಳೆಯಬೇಕು, ಇದನ್ನು ಮರೆಯುವವರೇ ಜಾಸ್ತಿ.

ಇನ್ನೊಂದು ಸೂಕ್ಷ್ಮ. ಇಂಥ ಗಾಡಿಗಳ ಬ್ಯಾಟರಿಯ ಮೈನಸ್ ಕ್ಲ್ಯಾಂಪಿನಲ್ಲಿ ಪುಟ್ಟ ಸೆನ್ಸರ್ ಇರುತ್ತೆ. ನೀವು ಹಾಕಿಸುವ ಸಾಮಾನಿನ ಮೈನಸ್ ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಕಟ್ಟಿದರೆ ಆ ಕರೆಂಟು ಸೆನ್ಸರಿನ ಲೆಕ್ಕಕ್ಕೆ ಸಿಗಲ್ಲ. ಮೈನಸ್ ಯಾವಾಗಲೂ ಚಾಸಿಗೆ ಕೊಡಿ. ಕೊಡುವ ಜಾಗದಲ್ಲಿ ಪೇಂಟ್ ಕೆರೆದು, ಬೋಲ್ಟ್ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ನಮ್ಮ ಮಳೆಗೆ ಒಂದೇ ಸೀಸನ್ನಿನಲ್ಲಿ ತುಕ್ಕು ಹಿಡಿಯುತ್ತೆ, ಆಮೇಲೆ ಲೈಟು ಮಂಕಾಯ್ತು ಅಂತ ಬಲ್ಬ್ ಬದಲಾಯಿಸುತ್ತಾ ಕೂರಬೇಕಾಗುತ್ತೆ.

ಬೆಂಕಿ ಹತ್ತೋದು ಎಲ್ಲಿಂದ?

ನಿಜವಾದ ಅಪಾಯ ಇರೋದು ವೈರಿನಲ್ಲಿ. ಮನೆಯ ಕರೆಂಟಿನಂತೆ ಶಾಕ್ ಹೊಡೆಯಲ್ಲ ಅಂತ 12 ವೋಲ್ಟನ್ನು ಹಗುರವಾಗಿ ತಗೊಳ್ತೀವಿ. ಆದರೆ ಪ್ಲಸ್ ವೈರಿನ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ. ವೈರ್ ಕೆಂಪಗೆ ಕಾಯೋಕೆ ಕೆಲವೇ ಸೆಕೆಂಡು ಸಾಕು.

ಅದಕ್ಕೇ ಫ್ಯೂಸ್. ಫ್ಯೂಸ್ ಇರೋದು ವೈರನ್ನು ಕಾಪಾಡೋಕೆ. ಹಾಗಾಗಿ ಅದು ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನ ಒಳಗೇ ಇರಬೇಕು. ಲೈಟಿನ ಹತ್ತಿರ ಹಾಕಿದರೆ ನಡುವಿನ ಅಷ್ಟೂ ವೈರಿಗೆ ರಕ್ಷಣೆ ಇಲ್ಲ. ಎರಡು ಬ್ಯಾಟರಿ ಸೇರಿಸುವ ದಪ್ಪ ವೈರಿಗಂತೂ ಎರಡೂ ತುದಿಯಲ್ಲಿ ಒಂದೊಂದು ಫ್ಯೂಸ್ ಕಡ್ಡಾಯ, ಯಾಕಂದ್ರೆ ಎರಡೂ ಕಡೆ ಬ್ಯಾಟರಿ ಇದೆ. ನಡುವೆ ಎಲ್ಲಿ ಕಟ್ಟಾದರೂ ಎರಡೂ ಕಡೆಯಿಂದ ಕರೆಂಟು ನುಗ್ಗುತ್ತೆ. ಹೆಚ್ಚಿನವರು ಒಂದೇ ಹಾಕಿ ಸುಮ್ಮನಾಗ್ತಾರೆ.

ವೈರಿನ ದಪ್ಪದ ಲೆಕ್ಕ ನೋಡಿ. ಮುಂದಿನ ಬ್ಯಾಟರಿಯಿಂದ ಹಿಂದಿನ ಸೀಟಿನವರೆಗೆ 5 ಮೀಟರ್, ಓಡೋದು 40 ಆಂಪಿಯರ್ ಅಂದುಕೊಳ್ಳಿ. 4 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಹೋಗಿಬಿಡುತ್ತೆ. ಆಲ್ಟರ್ನೇಟರ್ 14.2 ಕೊಟ್ಟರೂ ಹಿಂದೆ ಮುಟ್ಟೋದು 13.3. ಅದರಲ್ಲಿ ಬ್ಯಾಟರಿ ಪೂರ್ತಿ ತುಂಬಲ್ಲ. ಅದೇ 16 ಸ್ಕ್ವೇರ್ ಎಂಎಂ ಆದರೆ ನಷ್ಟ 0.2 ವೋಲ್ಟ್ ಆಸುಪಾಸು. ನಮ್ಮ ಸಲಹೆ: ವಿಎಸ್‌ಆರ್ ಆದರೆ 25 ಸ್ಕ್ವೇರ್ ಎಂಎಂ ವೈರಿಗೆ 100 ಆಂಪಿಯರ್ ಫ್ಯೂಸ್. 25 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಆದರೆ 10 ಸ್ಕ್ವೇರ್ ಎಂಎಂ, 40 ಆಂಪಿಯರ್ ಫ್ಯೂಸ್. ಚಾರ್ಜರ್ ಜೊತೆ ಬರುವ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ.

ಎಲೆಕ್ಟ್ರಿಕಲ್ ಅಂಗಡಿಯವರಿಗೂ ಒಂದು ಮಾತು. ಮನೆ ವೈರಿಂಗಿನ ಒಂಟಿ ಎಳೆ ವೈರನ್ನು ಗಾಡಿಗೆ ಅಂತ ಕೇಳಿದರೆ ಕೊಡಬೇಡಿ. ಅಲುಗಾಟಕ್ಕೆ ಒಳಗೇ ಮುರಿಯುತ್ತೆ. ಸಣ್ಣ ಎಳೆಗಳ ತಾಮ್ರದ ಆಟೋ ಕೇಬಲ್ಲೇ ಬೇಕು. ತೀರಾ ಅಗ್ಗಕ್ಕೆ ಸಿಗುವ ‘ದಪ್ಪ ಕೇಬಲ್’ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರೋದುಂಟು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದು ನಿಲ್ಲಲ್ಲ. ಪಂಪ್‌ಸೆಟ್ ಪ್ಯಾನೆಲ್ ಕೆಲಸ ಮಾಡುವವರ ಹತ್ತಿರ ಕ್ರಿಂಪಿಂಗ್ ಟೂಲ್ ಇರುತ್ತೆ, ಹತ್ತು ನಿಮಿಷದಲ್ಲಿ ಹಾಕಿಕೊಡ್ತಾರೆ. ಇಂಜಿನ್ ಕಡೆಯಿಂದ ಒಳಗೆ ವೈರ್ ದಾಟುವ ತೂತಿಗೆ ರಬ್ಬರ್ ಬುಷ್ ಹಾಕಿಸಿ. ಸಿಪ್ಪೆ ಸವೆಯೋದು ಹೆಚ್ಚಾಗಿ ಅಲ್ಲೇ.

ಯಾವ ಬ್ಯಾಟರಿ?

ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನೇ ಜೀಪಿನ ಹಿಂದೆ ಇಟ್ಟವರನ್ನು ನೋಡಿದ್ದೇವೆ. 150 ಎಎಚ್‌ನದ್ದು 50 ಕೆ.ಜಿ. ದಾಟುತ್ತೆ, ಏರು ದಾರಿಯಲ್ಲಿ ವಾಲಿದರೆ ಆಸಿಡ್ ಚೆಲ್ಲುತ್ತೆ. ಮೇಲಾಗಿ ನೀರು ಹಾಕುವ ಯಾವ ಬ್ಯಾಟರಿಯೇ ಆಗಲಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಸೀಟಿನ ಕೆಳಗೆ ಮುಚ್ಚಿದ ಜಾಗದಲ್ಲಿ ಒಂದು ಕಿಡಿ ಸಾಕು. ಕ್ಯಾಬಿನ್ ಒಳಗೆ ಇಡೋದಾದರೆ ಸೀಲ್ ಮಾಡಿದ ಎಜಿಎಂ ಬ್ಯಾಟರಿಯನ್ನೇ ಇಡಿ, ಕಬ್ಬಿಣದ ಪಟ್ಟಿ ಹಾಕಿ ನೆಲಕ್ಕೆ ಬಿಗಿಸಿ. ಲಿಥಿಯಂ ಹಗುರ, ಒಳ್ಳೇದು, ಆದರೆ ಬಾನೆಟ್ಟಿನ ಬಿಸಿ ಅದಕ್ಕಾಗಲ್ಲ. ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಹಾಕಿಸಲೂಬೇಡಿ.

75 ಎಎಚ್ ಎಜಿಎಂನಲ್ಲಿ ಅರ್ಧ, ಅಂದರೆ 37 ಎಎಚ್ ಬಳಸಬಹುದು. ಅದಕ್ಕಿಂತ ಕೆಳಗೆ ದಿನಾ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತೆ. ಚಿಕ್ಕ ಫ್ರಿಡ್ಜ್ ಗಂಟೆಗೆ ಸರಾಸರಿ 2 ಎಎಚ್ ತಿಂದರೆ ರಾತ್ರಿ ಹತ್ತು ಗಂಟೆಗೆ 20, ಎಲ್‌ಇಡಿ ಲೈಟು, ಮೊಬೈಲಿಗೆ ಇನ್ನೊಂದು 5. ಆರಾಮಾಗಿ ಸಾಕು. ಮೂಡಿಗೆರೆಯಿಂದ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಬಹುಪಾಲು ವಾಪಸ್ ತುಂಬಿರುತ್ತೆ. ವಿಂಚ್ ಮಾತ್ರ ಈ ಲೆಕ್ಕಕ್ಕೆ ಸೇರಲ್ಲ. ಪೂರ್ತಿ ಭಾರಕ್ಕೆ ಅದು 300–400 ಆಂಪಿಯರ್ ಎಳೆಯುತ್ತೆ. ಅದರ ದಪ್ಪ ಕೇಬಲ್ ಮೊದಲ ಬ್ಯಾಟರಿಗೇ ಇರಲಿ, ಇಂಜಿನ್ ಓಡುತ್ತಿರುವಾಗ ಮಾತ್ರ ಬಳಸಿ.

ಕೆಲಸ ಶುರು ಮಾಡುವಾಗ ಮೈನಸ್ ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಿ. ಕೈಯ ಉಂಗುರ, ಕಡಗ ತೆಗೆದಿಡಿ. ಸ್ಪ್ಯಾನರ್ ಜೊತೆ ಅದು ಬಾಡಿಗೆ ತಾಗಿದರೆ ಬೆರಳು ಸುಡುತ್ತೆ.

ಗಾಡಿ ಬಿಡಿಸಿಕೊಳ್ಳುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಲು ಹೇಳಿ. ತುಂಬಿದ ಬ್ಯಾಟರಿ ಇಂಜಿನ್ ಆಫ್ ಇದ್ದಾಗ 12.6 ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ ವಿಎಸ್‌ಆರ್ ಇರುವ ಗಾಡಿಯಲ್ಲಿ ಎರಡೂ ಬ್ಯಾಟರಿ 13.8ರಿಂದ 14.4ರ ಒಳಗಿದ್ದು, ಒಂದಕ್ಕೂ ಇನ್ನೊಂದಕ್ಕೂ 0.3 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಮೇಲೆ ಇಂಜಿನ್ ಆಫ್ ಮಾಡಿ, ಫ್ರಿಡ್ಜ್, ಲೈಟ್ ಎಲ್ಲಾ ಹಾಕಿ ಒಂದು ಗಂಟೆ ಬಿಡಿ. ಮೊದಲ ಬ್ಯಾಟರಿಯ ವೋಲ್ಟೇಜೂ ಜೊತೆಜೊತೆಗೇ ಇಳಿಯುತ್ತಾ ಬಂದರೆ ರಿಲೇ ಬಿಡ್ತಾ ಇಲ್ಲ ಅಂತ ಅರ್ಥ. ದುಡ್ಡು ಕೊಡಬೇಡಿ, ಮತ್ತೆ ಬಿಚ್ಚಿಸಿ.

ಬಿಲ್ಲು ಮಾತ್ರ ಕೇಳಿ ಇಟ್ಕೊಳ್ಳಿ. ಕಂಪನಿ ಹಾಕಿರದ ಎಲೆಕ್ಟ್ರಿಕಲ್ ಸಾಮಾನನ್ನು ವಿಮೆ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ತೋರಿಸಿ, ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿರಬೇಕು. ವಾರಂಟಿ ಇನ್ನೂ ಇರುವ ಹೊಸ ಗಾಡಿಯಾದರೆ ವೈರ್ ಕತ್ತರಿಸುವ ಮೊದಲೇ ಶೋರೂಮಿನಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ.