ಗುಂಡಿ ಜಾಗ ಬದಲಿಸಿದಾಗ

ಒಂದು ಲಕ್ಷ ಗ್ರಾಹಕರಿಗೆ ಹೊರಟ ಇಮೇಲನ್ನು ಹಿಂದಕ್ಕೆ ಕರೆಸಿಕೊಳ್ಳಲು ಬರುವುದಿಲ್ಲ. ಮಾರ್ಕೆಟಿಂಗ್ ಆಟೊಮೇಷನ್ ತಂತ್ರಾಂಶದಲ್ಲಿ ಕೆಲಸ ಮಾಡುವವರನ್ನು ಈ ಭಯ ಎಂದೂ ಬಿಡದು. ಮೇಲ್‌ಚಿಂಪ್ ಕಂಪನಿಯವರು ಇದನ್ನು ಚೆನ್ನಾಗಿ ಅರಿತಿದ್ದರು. ಕಳುಹಿಸುವ ಮುನ್ನ ಬರುವ ಕೊನೆಯ ಪರದೆಯಲ್ಲಿ, ಕೆಂಪು ಗುಂಡಿಯ ಮೇಲೆ ಬೆವರುತ್ತ ನಿಂತ ಕೋತಿಯ ಬೆರಳನ್ನು ಅವರು ಚಿತ್ರಿಸಿದ್ದರು. ಯಾವ ಪಟ್ಟಿಯನ್ನು ಮೊದಲು ನೋಡಬೇಕು, ಯಾವ ಗುಂಡಿಯನ್ನು ಕೊನೆಗೆ ಒತ್ತಬೇಕು ಎಂಬುದು ಕೈಗೆ ರೂಢಿಯಾಗಿರುವುದೇ ಈ ಕೆಲಸದಲ್ಲಿ ಅರ್ಧ ಕಾವಲು. ಪರದೆಯ ವಿನ್ಯಾಸ ಬದಲಾದಾಗ ಮೊದಲು ಕಳಚಿಬೀಳುವುದು ಈ ಕಾವಲೇ.

ಈ ಕ್ಷೇತ್ರಕ್ಕೆ ಮೂರು ದಶಕ ದಾಟಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಯೂನಿಕಾ ಶುರುವಾದದ್ದು 1992ರಲ್ಲಿ. ಆ ಉತ್ಪನ್ನ ಐಬಿಎಂ ಕೈಯಿಂದ 2019ರಲ್ಲಿ ನಮ್ಮ ಎಚ್‌ಸಿಎಲ್‌ಗೆ ಬಂತು. ಟೊರಾಂಟೊದಲ್ಲಿ ಎಲೊಕ್ವಾ ಹುಟ್ಟಿದ್ದು 1999ರಲ್ಲಿ. 2006ರಲ್ಲಿ ಮಾರ್ಕೆಟೊ ಮತ್ತು ಹಬ್‌ಸ್ಪಾಟ್, ಮರುವರ್ಷ ಅಟ್ಲಾಂಟಾದಲ್ಲಿ ಪಾರ್ಡಾಟ್ ಬಂದವು. ಅಲ್ಲಿಯವರೆಗೆ ಡೇಟಾಬೇಸ್ ಬಲ್ಲವರ ಕೈಯಲ್ಲಿದ್ದ ಕೆಲಸ, ಕೋಡ್ ಬರೆಯಲು ಬಾರದ ಮಾರ್ಕೆಟಿಂಗ್ ಸಿಬ್ಬಂದಿಯ ಮೇಜಿಗೂ ಬಂತು. ಮಾರ್ಕೆಟೊದಲ್ಲಿ ಎಡಗಡೆ ಕೊಂಬೆಕೊಂಬೆಯಾಗಿ ಬಿಚ್ಚಿಕೊಳ್ಳುವ ಕಡತಗಳ ಮರ, ಬಲಗಡೆ ಕ್ಯಾಂಪೇನಿನ ಟ್ಯಾಬ್‌ಗಳು: ಯಾರಿಗೆ, ಏನು, ಯಾವಾಗ. ನೋಡಲು ಅಂದವಿರಲಿಲ್ಲ, ಆದರೆ ಕೆಲಸದ ಕ್ರಮವೇ ಪರದೆಯ ಕ್ರಮವೂ ಆಗಿತ್ತು.

ಮೊದಲ ದೊಡ್ಡ ಪಲ್ಲಟ ಎಲೊಕ್ವಾದ ಹತ್ತನೇ ಆವೃತ್ತಿಯದು. ಹೆಜ್ಜೆಗಳನ್ನು ಒಂದೊಂದಾಗಿ ತುಂಬುವ ಪದ್ಧತಿಯ ಜಾಗಕ್ಕೆ ಎಳೆದು ಜೋಡಿಸುವ ಕ್ಯಾನ್ವಾಸ್ ಬಂತು; ಕ್ಯಾಂಪೇನ್ ಎಂಬುದು ನಕ್ಷೆಯಂತೆ ಕಣ್ಣಿಗೆ ಕಾಣತೊಡಗಿತು. ಹಳೆಯ ಪ್ರೋಗ್ರಾಂ ಬಿಲ್ಡರ್ ಅನ್ನು ಮಾತ್ರ ಕೂಡಲೇ ಕಿತ್ತುಹಾಕಲಿಲ್ಲ. ಅದು ಬಹುಕಾಲ ಹೊಸದರ ಪಕ್ಕದಲ್ಲೇ ಉಳಿಯಿತು. ಈ ತಾಳ್ಮೆ ಮೆಚ್ಚತಕ್ಕದ್ದು.

ಪಾರ್ಡಾಟ್ ಕತೆ ಇನ್ನಷ್ಟು ಗೋಜಲಿನದು. 2013ರಲ್ಲಿ ಅದು ಸೇಲ್ಸ್‌ಫೋರ್ಸ್ ಮನೆ ಸೇರಿತು. 2016ರಲ್ಲಿ ಸರಣಿ ಇಮೇಲ್ ಕಳುಹಿಸುವ ಹಳೆಯ ಡ್ರಿಪ್ ಪ್ರೋಗ್ರಾಂಗಳ ಬದಲಿಗೆ ಎಂಗೇಜ್‌ಮೆಂಟ್ ಸ್ಟುಡಿಯೊ ಬಂತು. ಮುಂದೆ ಪಾರ್ಡಾಟ್ ಪರದೆಯೇ ಸೇಲ್ಸ್‌ಫೋರ್ಸ್‌ನ ಲೈಟ್ನಿಂಗ್ ಎಂಬ ಪರದೆಯೊಳಗೆ ಸೇರಿ, ಎಡಬದಿಯ ಮೆನು ಮೇಲಿನ ಟ್ಯಾಬ್‌ಗಳಾಯಿತು. ಮೆನು ಎಲ್ಲಿ ಹೋಯಿತೆಂದು ಹುಡುಕುವುದು ನಾಲ್ಕು ದಿನದ ಕಷ್ಟ. ನಿಜವಾದ ತೊಡಕು ಪದಗಳಲ್ಲಿತ್ತು. ಪಾರ್ಡಾಟ್‌ನಲ್ಲೂ ‘ಕ್ಯಾಂಪೇನ್’ ಇತ್ತು, ಸೇಲ್ಸ್‌ಫೋರ್ಸ್‌ನಲ್ಲೂ ‘ಕ್ಯಾಂಪೇನ್’ ಇತ್ತು. ಎರಡರ ಅರ್ಥ ಬೇರೆ. ಮೊದಲನೆಯದು ಗ್ರಾಹಕ ನಮ್ಮನ್ನು ಮೊದಲು ಮುಟ್ಟಿದ್ದು ಎಲ್ಲಿಂದ ಎಂಬ ಗುರುತು. ಎರಡನೆಯದರಲ್ಲಿ ಒಬ್ಬನೇ ಹಲವು ಕಡೆ ಸದಸ್ಯನಾಗಬಹುದು. ಎರಡನ್ನೂ ಜೋಡಿಸಿದಾಗ ಹಳಬರ ವರದಿಗಳೇ ಅವರಿಗೆ ಅಪರಿಚಿತವಾದವು. 2022ರಲ್ಲಿ ಉತ್ಪನ್ನದ ಹೆಸರನ್ನೂ ‘ಮಾರ್ಕೆಟಿಂಗ್ ಕ್ಲೌಡ್ ಅಕೌಂಟ್ ಎಂಗೇಜ್‌ಮೆಂಟ್’ ಎಂದು ಬದಲಿಸಿದರು. ಬಳಸುವವರ ಬಾಯಲ್ಲಿ ಅದು ಪಾರ್ಡಾಟ್ ಆಗಿಯೇ ಉಳಿದಿದೆ.

ಜನ ಹೊಸದಕ್ಕೆ ಹಿಂಜರಿಯುವುದನ್ನು ಸೋಮಾರಿತನ ಎನ್ನುವುದು ತಪ್ಪು. ಸಂಶೋಧಕರಾದ ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರೋಸನ್ 1987ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಬಳಕೆದಾರನಿಗೆ ಬೇಕಾದದ್ದು ಮುಂದಿರುವ ಕೆಲಸ ಮುಗಿಯುವುದು; ಅದಕ್ಕಾಗಿ ಕಲಿಯುವ ಸಮಯವನ್ನೇ ಉಳಿಸುತ್ತಾನೆ. ಮೊದಲೇ ಗೊತ್ತಿರುವುದನ್ನು ಹೊಸದರ ಮೇಲೆ ಹೊದಿಸಿ ನೋಡುತ್ತಾನೆ, ಅಲ್ಲೇ ಎಡವುತ್ತಾನೆ. ಸಂಜೆಯೊಳಗೆ ಕ್ಯಾಂಪೇನ್ ಹೊರಡಿಸಬೇಕಾದವರಿಗೆ ಬೇರೆ ದಾರಿ ಎಲ್ಲಿದೆ?

ಇದಕ್ಕೆ ಮಾರ್ಕೆಟೊದ ಅನುಭವವೇ ಸಾಕ್ಷಿ. ‘ಸ್ಕೈ’ ಎಂಬ ಹೊಸ ಪರದೆಯನ್ನು ಆ ಕಂಪನಿ ಹಳೆಯದರ ಜೊತೆಜೊತೆಗೇ ಬಳಕೆಗೆ ಬಿಟ್ಟಿತು. ಹಳೆಯದರಲ್ಲಿದ್ದ ಎಲ್ಲ ಸೌಲಭ್ಯ ಹೊಸದರಲ್ಲಿ ಇರಲಿಲ್ಲ. ಅರ್ಧ ಕೆಲಸಕ್ಕೆ ಅಲ್ಲಿ, ಅರ್ಧಕ್ಕೆ ಇಲ್ಲಿ ಎಂದು ಓಡಾಡಬೇಕಿತ್ತು. ಕಡೆಗೆ ಸ್ಕೈಯನ್ನು ಕೈಬಿಟ್ಟು ಹಳೆಯ ಪರದೆಯನ್ನೇ ಭಾಗಭಾಗವಾಗಿ ಹೊಸದು ಮಾಡುವ ದಾರಿ ಹಿಡಿದರು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ವಿವೇಕದ ತೀರ್ಮಾನ ಅದು.

ಬೆಂಗಳೂರಿಗೆ ಇದು ದೂರದ ಸಂಗತಿಯಲ್ಲ. 2011ರ ಲೀಡ್‌ಸ್ಕ್ವೇರ್ಡ್, 2014ರ ಮೊಎಂಗೇಜ್ ಇಲ್ಲಿಯೇ ಬೆಳೆದವು. ಹೊರದೇಶದ ಕಂಪನಿಗಳ ಕ್ಯಾಂಪೇನ್ ನಡೆಸುವ ತಂಡಗಳೂ ಇಲ್ಲಿವೆ. ಪರದೆ ಕಟ್ಟುವವರೂ ಅದರಲ್ಲಿ ದುಡಿಯುವವರೂ ಒಂದೇ ಊರಿನಲ್ಲಿದ್ದಾರೆ. ಕಟ್ಟುವವರಲ್ಲಿ ನನ್ನ ಕೋರಿಕೆ: ಹಳೆಯದರ ಕೆಲಸವೆಲ್ಲ ಹೊಸದರಲ್ಲಿ ಆಗುವವರೆಗೆ ಹಳೆಯ ಬಾಗಿಲು ಮುಚ್ಚಬೇಡಿ, ಒಂದೇ ಪದಕ್ಕೆ ಎರಡು ಅರ್ಥ ಕೊಡಬೇಡಿ. ದುಡಿಯುವವರು ಗುಂಡಿಯ ಜಾಗಕ್ಕಿಂತ ಮೊದಲು ಅದರ ಹಿಂದೆ ನಡೆಯುವುದನ್ನು ಕಲಿಯಿರಿ: ಪಟ್ಟಿ ಹೇಗೆ ಆಯ್ಕೆಯಾಗುತ್ತದೆ, ಬೇಡವೆಂದವರು ಎಲ್ಲಿ ಹೊರಗುಳಿಯುತ್ತಾರೆ, ಒಬ್ಬನಿಗೇ ಎರಡು ಸಲ ಹೋಗದಂತೆ ತಡೆಯುವುದು ಯಾವುದು. ಹೊಸ ಪರದೆಯ ಮೊದಲ ತಿಂಗಳು, ಕಳುಹಿಸುವ ಗುಂಡಿಯನ್ನು ಒಬ್ಬರೇ ಒತ್ತಬೇಡಿ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ.