ಡ್ರ್ಯಾಗ್ ಕಾರುಗಳ ಮರುಬಿಡುಗಡೆ ಮಾದರಿ ಕಿಟ್‌ಗಳು
ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ದಾರಿಯಲ್ಲಿ ಜೋಡಿಯಾಗಿ ಓಡುವ ಅಮೆರಿಕದ ಡ್ರ್ಯಾಗ್ ಕಾರುಗಳ ಹಳೆಯ ಪ್ಲಾಸ್ಟಿಕ್ ಮಾದರಿಗಳನ್ನು ಮತ್ತೆ ಅಚ್ಚು ಹಾಕಿ ಮಾರುವ ಜೋಡಣೆ ಪೆಟ್ಟಿಗೆಗಳು. 1960–70ರ ದಶಕಗಳಲ್ಲಿ ಎಎಂಟಿ, ಎಂಪಿಸಿ, ರೆವೆಲ್, ಮೊನೊಗ್ರಾಮ್ ಕಂಪನಿಗಳು ಮೂಲ ಮಾದರಿಗಳನ್ನು ಹೆಚ್ಚಾಗಿ 1:25, 1:24 ಅಳತೆಯಲ್ಲಿ ತಂದವು. ಚಾಲಕರಾದ ‘ಸ್ನೇಕ್’ ಡಾನ್ ಪ್ರುಡೋಮ್, ‘ಮಂಗೂಸ್’ ಟಾಮ್ ಮೆಕ್‌ಯೂವನ್ ಅವರ ‘ಫನ್ನಿ ಕಾರು’ ಎಂಬ ಬಗೆಯ ಡ್ರ್ಯಾಗ್ ಕಾರುಗಳ ಕಿಟ್‌ಗಳಿಗೆ ಇಂದಿಗೂ ಬೇಡಿಕೆಯಿದೆ. ಅವರಿಬ್ಬರ ಹಾವು–ಮುಂಗುಸಿ ಪೈಪೋಟಿಗೆ ಹಣ ಹಾಕಿದ್ದು ಆಟಿಕೆ ಕಂಪನಿ ಮ್ಯಾಟೆಲ್.

ಉಕ್ಕಿನ ಅಚ್ಚು ಉಳಿದಿದ್ದರಷ್ಟೇ ಮರುಬಿಡುಗಡೆ ಅಗ್ಗ. ಅಚ್ಚು ಸವೆದಿದ್ದರೆ ಭಾಗಗಳ ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಪೊರೆ ಉಳಿಯುತ್ತದೆ, ಬ್ಲೇಡಿನಿಂದ ಹೆರೆಯಬೇಕು. ಕ್ರೋಮ್ ಲೇಪದ ಮೇಲೆ ಅಂಟು ಸರಿಯಾಗಿ ಹಿಡಿಯದು. ಜೋಡಿಸುವಲ್ಲಿ ಕೆರೆದು ತೆಗೆಯುವುದೇ ದಾರಿ. ಹಳೆಯ ಪೆಟ್ಟಿಗೆಗಳಲ್ಲಿ ಹಳದಿಗಟ್ಟಿದ ಡೆಕಾಲ್‌ಗಳ (ಮಾದರಿಯ ಮೇಲೆ ಅಂಟಿಸುವ ಚಿತ್ರಗಳ) ಬದಲು ಹೊಸ ಮುದ್ರಣ ಸಿಗುವುದು ನಿಜವಾದ ಲಾಭ. ಮೃದು ವಿನೈಲ್ ಟೈರು ವರ್ಷಗಟ್ಟಲೆ ತಾಗಿಕೊಂಡಿದ್ದರೆ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸುವುದೂ ಉಂಟು.