ಎಂಜಲೆಲೆ ಮತ್ತು ಮಾನವ ಘನತೆ: ಕುಕ್ಕೆಯ ಮಡೆಸ್ನಾನ, ಕೊರಗರ ಅಜಲು

ಮಾರ್ಗಶಿರ ಶುದ್ಧ ಷಷ್ಠಿ ಸಮೀಪಿಸುತ್ತಿದ್ದಂತೆ ಮಠದ ಕಚೇರಿಗೆ ಭಕ್ತರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಕುಕ್ಕೆಯಲ್ಲಿ ಮಡೆಸ್ನಾನ ನಿಂತಿದೆಯೇ? ನಿಂತಿದ್ದರೆ ಏಕೆ? ಘಟ್ಟದ ಮೇಲಿನ ನಮ್ಮ ಸಮಾಜದ ಹಲವು ಕುಟುಂಬಗಳು ಸರ್ಪಸಂಸ್ಕಾರಕ್ಕೂ ಆಶ್ಲೇಷಾ ಬಲಿಗೂ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವುದುಂಟು. ಇಷ್ಟಲಿಂಗಧಾರಿಗಳಿಗೆ ಅದು ಎಷ್ಟು ಸಂಗತವೆಂಬುದು ಬೇರೆಯೇ ಚರ್ಚೆ. ಇಲ್ಲಿ ಅದನ್ನು ಎತ್ತುವುದಿಲ್ಲ. ಮಡೆಸ್ನಾನದ ವಿಚಾರವನ್ನೂ, ಅದೇ ಜಿಲ್ಲೆಯಲ್ಲಿ ಬಹುಕಾಲ ನಡೆದುಬಂದ ಅಜಲು ಪದ್ಧತಿಯ ವಿಚಾರವನ್ನೂ ಒಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ. ಎರಡರ ನಡುವೆಯೂ ಇರುವುದು ಅನ್ನ. ಎರಡನ್ನೂ ಕಾನೂನು ಪ್ರಶ್ನಿಸಿದ್ದು ಮನುಷ್ಯನ ಘನತೆಯ ಹೆಸರಿನಲ್ಲಿ.

ಮಡೆ ಎಂದರೆ ಇಲ್ಲಿ ಉಂಡು ಬಿಟ್ಟ ಎಂಜಲು. ಚಂಪಾಷಷ್ಠಿಯ ಉತ್ಸವದಲ್ಲಿ ಚೌತಿ, ಪಂಚಮಿ, ಷಷ್ಠಿ ಈ ಮೂರು ದಿನ, ದೇವಾಲಯದ ಹೊರಾಂಗಣದಲ್ಲಿ ಬ್ರಾಹ್ಮಣರು ಉಂಡೆದ್ದ ಬಾಳೆಯೆಲೆಗಳ ಮೇಲೆ ಹರಕೆ ಹೊತ್ತ ಭಕ್ತರು ಉರುಳುಸೇವೆ ಮಾಡುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ, ಸರ್ಪದೋಷ ಕಳೆಯುತ್ತದೆ ಎಂಬುದು ನಂಬಿಕೆ. ಕುಕ್ಕೆ ಇಂದು ಕಡಬ ತಾಲ್ಲೂಕಿಗೆ ಸೇರಿದೆ. ಆಚರಣೆ ನಡೆಯುತ್ತಿದ್ದ ಕಾಲದಲ್ಲಿ ಮರ್ಕಂಜದಂತೆಯೇ ಅದೂ ಸುಳ್ಯ ತಾಲ್ಲೂಕಿನ ಊರಾಗಿತ್ತು.

ವಿವಾದ ತೀವ್ರವಾದದ್ದು ೨೦೧೧ರಲ್ಲಿ. ಆ ವರ್ಷ ಜಿಲ್ಲಾಡಳಿತ ಮೊದಲು ನಿಷೇಧ ಹೇರಿ, ಬಳಿಕ ಅದನ್ನು ಹಿಂತೆಗೆಯಿತು. ಪ್ರತಿಭಟಿಸಲು ಕುಕ್ಕೆಗೆ ಹೋದ ಹಿಂದುಳಿದ ವರ್ಗಗಳ ನಾಯಕ ಕೆ.ಎಸ್. ಶಿವರಾಮು ಅವರ ಮೇಲೆ ಅಲ್ಲಿಯೇ ಹಲ್ಲೆಯಾಯಿತು. ನಿಡುಮಾಮಿಡಿ ಮಠದ ಶ್ರೀ ವೀರಭದ್ರ ಚನ್ನಮಲ್ಲ ಸ್ವಾಮಿಗಳು ಬೀದಿಗಿಳಿದು ಈ ಆಚರಣೆಯನ್ನು ವಿರೋಧಿಸಿದರು. ೨೦೧೨ರಲ್ಲಿ ಉಚ್ಚ ನ್ಯಾಯಾಲಯ ಒಂದು ಮಾರ್ಪಾಡಿಗೆ ಒಪ್ಪಿತು: ಎಂಜಲೆಲೆಯ ಬದಲು ದೇವರಿಗೆ ನಿವೇದಿಸಿದ ಅನ್ನವನ್ನು ಎಲೆಯಲ್ಲಿ ಬಡಿಸಿ ಅದರ ಮೇಲೆ ಉರುಳುವುದು. ಜನ ಇದನ್ನು ಎಡೆಸ್ನಾನ ಎಂದರು. ಅದೇ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿದ್ದರಿಂದ ಹಳೆಯ ಪದ್ಧತಿಯೇ ಮರಳಿತು. ಕೊನೆಗೆ ೨೦೧೪ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮಡೆಸ್ನಾನಕ್ಕೆ ತಡೆಯಾಜ್ಞೆ ಕೊಟ್ಟಿತು. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ೨೦೧೮ರ ಷಷ್ಠಿಯಂದು ಪರ್ಯಾಯ ಪಲಿಮಾರು ಸ್ವಾಮಿಗಳು ಎಡೆಸ್ನಾನವನ್ನೂ ಕೈಬಿಟ್ಟರು. ನ್ಯಾಯಾಲಯದ ಒತ್ತಾಯವಿಲ್ಲದೆ ಒಂದು ಮಠ ತಾನಾಗಿ ತೆಗೆದುಕೊಂಡ ನಿರ್ಧಾರವದು, ಗೌರವದಿಂದ ನೆನೆಯಬೇಕು.

ಈ ನಡುವೆ ಶಾಸನದ ಯತ್ನವೂ ನಡೆದಿತ್ತು. ೨೦೧೩ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಿದ್ಧವಾದ ಕರಡು ಬಹಳ ವಿರೋಧ ಎದುರಿಸಿತು. ವಚನ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರು ಮೌಢ್ಯನಿಷೇಧ ಕಾನೂನಿನ ಪರ ವೇದಿಕೆಗಳಲ್ಲಿ ಮಾತನಾಡಿದವರು. ಕಾಯ್ದೆಯನ್ನು ಕಾಣಲು ಅವರು ಉಳಿಯಲಿಲ್ಲ. ೨೦೧೭ರ ನವೆಂಬರಿನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, ೨೦೨೦ರ ಜನವರಿಯಲ್ಲಿ ಜಾರಿಗೆ ಬಂದದ್ದು ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಅಧಿನಿಯಮ. ಸಾರ್ವಜನಿಕ ಅಥವಾ ಧಾರ್ಮಿಕ ಸ್ಥಳದಲ್ಲಿ ಇತರರ ಎಂಜಲೆಲೆಯ ಮೇಲೆ ಉರುಳಲು ಅನುವು ಮಾಡಿಕೊಡುವುದು ಮತ್ತು ಮಾನವ ಘನತೆಗೆ ಧಕ್ಕೆ ತರುವ ಅಂಥ ಇತರ ಆಚರಣೆಗಳು ಅದರ ಅನುಸೂಚಿಯಲ್ಲಿವೆ. ಶಿಕ್ಷೆ ಒಂದರಿಂದ ಏಳು ವರ್ಷಗಳ ಸೆರೆವಾಸ, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿ ದಂಡ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಗಳಿಗೆ ಈ ಕಾಯ್ದೆ ಅಡ್ಡಿಪಡಿಸುವುದಿಲ್ಲ. ‘ಇನ್ನು ಗುಡಿ ಸುತ್ತಿದರೂ ಪೊಲೀಸರು ಬರುತ್ತಾರೆ’ ಎಂದು ಅಂದು ಹಬ್ಬಿದ ಮಾತಿಗೆ ಆಧಾರವಿರಲಿಲ್ಲ.

ಮಡೆಸ್ನಾನದ ಪರವಾಗಿ ಹೇಳಿದ ವಾದಗಳಲ್ಲಿ ಒಂದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಾರೂ ಬಲಾತ್ಕಾರದಿಂದ ಉರುಳಿಸುತ್ತಿಲ್ಲ, ಭಕ್ತರು ತಾವಾಗಿ ಬರುತ್ತಾರೆ, ಎಲ್ಲ ಜಾತಿಯವರೂ ಉರುಳುತ್ತಾರೆ ಎಂಬ ವಾದವದು. ಇದನ್ನು ಗಟ್ಟಿಯಾಗಿ ಹೇಳಿದವರಲ್ಲಿ ಮಲೆಕುಡಿಯರಿದ್ದರು. ಕುಕ್ಕೆಯ ಬ್ರಹ್ಮರಥವನ್ನು ಬಿದಿರು ಬೆತ್ತಗಳಿಂದ ಕಟ್ಟುವ ಪರಿಶಿಷ್ಟ ಪಂಗಡವದು. ನಿಷೇಧದ ಮಾತು ಬಂದಾಗ ಇದು ತಮ್ಮ ಹರಕೆ, ತಮ್ಮ ಹಕ್ಕು ಎಂದು ಎದ್ದುನಿಂತವರು ಅವರೇ. ಯಾರ ಘನತೆಗಾಗಿ ಹೋರಾಟವೋ ಅವರೇ ‘ನಮಗೆ ಇದು ಬೇಕು’ ಎಂದಾಗ ದೂರದಲ್ಲಿ ಕುಳಿತ ನಾವು ‘ನಿಮಗೆ ತಿಳಿಯದು’ ಎನ್ನುವುದು ಸುಲಭ. ಆ ಮಾತಿನಲ್ಲಿಯೇ ಇನ್ನೊಂದು ಬಗೆಯ ತಿರಸ್ಕಾರ ಅಡಗಿದೆ ಎಂಬುದನ್ನು ನಾವು ಒಪ್ಪುತ್ತೇವೆ.

ಆದರೂ ನಮ್ಮ ನಿಲುವು ನಿಷೇಧದ ಪರವೇ. ಉರುಳುವವರು ಯಾರಾದರೂ ಆಗಬಹುದಿತ್ತು. ಉಂಡು ಎದ್ದವರು ಮಾತ್ರ ಒಂದೇ ವರ್ಣದವರಾಗಿರಬೇಕಿತ್ತು. ಪುಣ್ಯ ಇದ್ದದ್ದು ಎಲೆಯಲ್ಲಲ್ಲ, ಅನ್ನದಲ್ಲೂ ಅಲ್ಲ, ಉಂಡವರ ಹುಟ್ಟಿನಲ್ಲಿ. ಹುಟ್ಟಿನಿಂದ ಒಬ್ಬನ ಎಂಜಲು ಪವಿತ್ರವಾದರೆ ಹುಟ್ಟಿನಿಂದಲೇ ಇನ್ನೊಬ್ಬನ ನೆರಳು ಮೈಲಿಗೆಯಾಗುವುದು ತಪ್ಪದು. ಅವೆರಡೂ ಒಂದೇ ಲೆಕ್ಕದ ಜಮೆ ಖರ್ಚು. ‘ನಿಮ್ಮಲ್ಲಿಯೂ ಪಾದೋದಕ ಪ್ರಸಾದಗಳಿಲ್ಲವೇ’ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಶರಣರು ಗುರು ಜಂಗಮರ ಯೋಗ್ಯತೆಯನ್ನು ಅರಿವು ಆಚಾರಗಳಲ್ಲಿ ಕಂಡರು, ಕುಲದಲ್ಲಿ ಅಲ್ಲ. ಆ ಯೋಗ್ಯತೆಯನ್ನು ನಾವೂ ಹುಟ್ಟಿನಿಂದ ಅಳೆಯತೊಡಗಿದ ದಿನ ಕುಕ್ಕೆಯ ಎಲೆಗೂ ನಮ್ಮ ತಟ್ಟೆಗೂ ಅಂತರ ಉಳಿಯುವುದಿಲ್ಲ. ಎಷ್ಟೋ ಕಡೆ ಉಳಿದಿಲ್ಲವೆಂಬುದೂ ನಿಜವೇ.

ಅಜಲು ಪದ್ಧತಿಯಲ್ಲಿ ಒಪ್ಪಿಗೆಯ ಮುಸುಕೂ ಇರಲಿಲ್ಲ. ಕೊರಗರು ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡಿನಲ್ಲಿರುವ ಆದಿವಾಸಿಗಳು. ಬುಟ್ಟಿ ಹೆಣೆಯುವುದರಲ್ಲಿ, ಡೋಲು ಬಾರಿಸುವುದರಲ್ಲಿ ನಿಪುಣರು. ರೋಗಿಗಳ ಕೂದಲು ಉಗುರುಗಳನ್ನು ಅನ್ನದಲ್ಲಿ ಕಲಸಿ ಅವರಿಗೆ ಉಣಿಸಿದರೆ ಮನೆಯ ಪೀಡೆ ಅವರ ಮೈಗೆ ದಾಟುತ್ತದೆಂದು ಉಳ್ಳವರು ನಂಬಿದ್ದರು. ಕಂಬಳಕ್ಕೆ ಮುನ್ನ ಕೋಣಗಳಂತೆ ಅವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು, ಬಿಟ್ಟಿಯಾಗಿ ದುಡಿಸಿಕೊಳ್ಳುತ್ತಿದ್ದರು. ಇವೆಲ್ಲವನ್ನೂ ಹೆಸರಿಸಿ ಅಪರಾಧವೆಂದು ಸಾರಿದ್ದು ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸಿದ ೨೦೦೦ನೆಯ ಇಸವಿಯ ಕರ್ನಾಟಕ ಅಧಿನಿಯಮ. ಅಸ್ಪೃಶ್ಯತೆಯನ್ನು ಸಂವಿಧಾನದ ೧೭ನೆಯ ಅನುಚ್ಛೇದ ತೊಡೆದುಹಾಕಿ ಐವತ್ತು ವರ್ಷ ತುಂಬಿದ ಮೇಲೆ, ಕೂದಲು ಕಲಸಿದ ಅನ್ನವನ್ನು ಉಣಿಸಬಾರದು ಎಂದು ಬೇರೆಯಾಗಿ ಬರೆಯಬೇಕಾಯಿತು.

ನಿಷೇಧ ಸುಲಭ, ಕೊಡುವುದು ಕಷ್ಟ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ದಕ್ಷಿಣ ಕನ್ನಡದ ಒಕ್ಕಲುಗಳ ಬಾಳನ್ನು ಬದಲಿಸಿತು. ನಮೂನೆ ೭ನ್ನು ತುಂಬಿ ಗೇಣಿದಾರ ಹೊಲದ ಒಡೆಯನಾದ. ಗೇಣಿ ಚೀಟಿಯೂ ಇಲ್ಲದೆ ಗೇಣಿದಾರನ ಕೈಕೆಳಗೆ ದುಡಿದವನಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಕೊರಗ ಕುಟುಂಬವೊಂದಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂದು ೧೯೯೪ರಲ್ಲಿ ಡಾ. ಮಹಮ್ಮದ್ ಪೀರ್ ಅವರ ವರದಿ ಶಿಫಾರಸು ಮಾಡಿತು. ಕೊರಗರ ಸಂಘಟನೆಗಳು ಆ ಭೂಮಿಯನ್ನು ಇಂದಿಗೂ ಕೇಳುತ್ತಿವೆ. ಇದಕ್ಕೂ ಒಂದು ಶತಮಾನ ಮೊದಲು, ೧೮೯೦ರ ದಶಕದಲ್ಲಿ, ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಉಂಡಿದ್ದರು. ತಮ್ಮ ಶಾಲೆಯಲ್ಲಿ ಕಲಿತವನ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಲಿ ಎಂಬುದು ಅವರ ಹಾರೈಕೆಯಾಗಿತ್ತು. ಬೇರೊಬ್ಬರ ಎಂಜಲೆಲೆಗೆ ಮೈಯೊಡ್ಡುವ ಹರಕೆಯನ್ನೂ ಈ ಹಾರೈಕೆಯನ್ನೂ ಒಂದೇ ಜಿಲ್ಲೆ ಕಂಡಿದೆ.

ನಿತ್ಯದ ಬದುಕಿನಲ್ಲಿ ಬದಲಾವಣೆ ಬೇರೆ ದಾರಿಯಿಂದಲೂ ಬರುತ್ತದೆ. ಮರ್ಕಂಜದ ಅಡಿಕೆ ತೋಟವೊಂದರ ಹಿರಿಯರೊಬ್ಬರು ನಮ್ಮೊಡನೆ ಹೇಳಿದ್ದು ನೆನಪಿದೆ. ಅವರ ಬಾಲ್ಯದಲ್ಲಿ ಕೆಲಸದವರಿಗೆ ಅಂಗಳದ ಅಂಚಿನಲ್ಲಿ ತೆಂಗಿನ ಗೆರಟೆಯಲ್ಲಿ ನೀರು. ಆಮೇಲೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಬೇರೆ ಲೋಟ. ಈಗ ಮನೆಯವರ ಸ್ಟೀಲ್ ಲೋಟದಲ್ಲಿಯೇ ಚಹಾ. ಮರ ಏರಿ ಔಷಧ ಸಿಂಪಡಿಸುವವರು, ಕೊನೆ ತೆಗೆಯುವವರು ಸಿಗುವುದೇ ಅಪರೂಪವಾದ ಮೇಲೆ, ಬೇರೆ ಲೋಟ ಕೊಟ್ಟರೆ ಮರುದಿನ ಯಾರೂ ಬರುವುದಿಲ್ಲವಂತೆ. ಉಪದೇಶದಿಂದ ಆಗದ್ದು ಆಳಿನ ಅಭಾವದಿಂದ ಆಯಿತು ಎಂದು ಅವರು ನಕ್ಕರು. ನಾವೂ ನಕ್ಕೆವು. ಆದರೆ ಅದೇ ಮನೆಯ ಶುಭಕಾರ್ಯದಂದು ಪಂಕ್ತಿ ಎರಡಾಗಿಯೇ ಕುಳಿತಿತ್ತು.

ಅಲ್ಲಿಂದ ಮರಳಿದ ಮೇಲೆ ನಮ್ಮ ದಾಸೋಹವನ್ನು ಹೊಸ ಕಣ್ಣಿನಿಂದ ನೋಡಿದೆವು. ಪಂಕ್ತಿ ಒಂದೇ; ಅದರಲ್ಲಿ ನಮಗೆ ಹೆಮ್ಮೆಯಿತ್ತು. ಉಂಡ ಎಲೆಗಳನ್ನು ಎತ್ತುತ್ತಿದ್ದವರು ಮಾತ್ರ ವರ್ಷಗಳಿಂದ ಒಂದೇ ಕೇರಿಯ ನಾಲ್ವರು ಹೆಂಗಸರು. ಅವರನ್ನು ಯಾರೂ ಬಲವಂತಪಡಿಸಿರಲಿಲ್ಲ. ಪೂಜ್ಯರ ಅಪ್ಪಣೆಯಂತೆ ಈಗ ಎಲೆ ಎತ್ತುವ ಕೆಲಸಕ್ಕೆ ಸರದಿಯಿದೆ. ಆ ನಾಲ್ವರನ್ನು ಅದೇ ವೇತನದಲ್ಲಿ ಅಡುಗೆಮನೆಗೆ ಬದಲಿಸಲಾಗಿದೆ. ಅವರು ಮಾಡಿದ ಅಡುಗೆಯನ್ನು ಉಣ್ಣಲು ಮೊದಲ ವಾರ ಕೆಲವರು ಬರಲಿಲ್ಲ. ಸರದಿಯ ಪಟ್ಟಿಯನ್ನು ದಾಸೋಹ ಭವನದ ಬಾಗಿಲಿಗೆ ಅಂಟಿಸಿದೆ; ಸೋಮವಾರ ಕಾರ್ಯದರ್ಶಿಯ ಪಾಳಿ.